ಕಸಿ ಮಾಡಿದ ಚರ್ಮ ಕಪ್ಪಾಗುವುದೇಕೆ? ಮೊದಲ ವಾರವೇ ನಿರ್ಣಾಯಕ

ಶ್ರೀರಂಗಪಟ್ಟಣ: ಆಲೆಮನೆಯಲ್ಲಿ ಕುದಿಯೋ ಪಾಕ ಮೈಮೇಲೆ ಚೆಲ್ಲಿ ಸುಟ್ಟವರು, ಬೈಕ್ ಅಪಘಾತದಲ್ಲಿ ಚರ್ಮ ಕಿತ್ತುಹೋದವರು, ಶುಗರ್‌ನಿಂದ ಪಾದದ ಗಾಯ ಮಾಯದವರು. ಇಂಥವರಿಗೆ ಹೆಚ್ಚಾಗಿ ತೊಡೆಯ ತೆಳು ಚರ್ಮ ತೆಗೆದು ಗಾಯಕ್ಕೆ ಕಸಿ ಮಾಡುತ್ತಾರೆ. ಆದರೆ ಕೆಲವರಿಗೆ ಆ ಚರ್ಮ ಹಿಡಿಯೋದೇ ಇಲ್ಲ, ಕಪ್ಪಾಗಿ ಕಿತ್ತು ಬರುತ್ತೆ. ಮುಖ್ಯ ಕಾರಣ, ಕಸಿಗೆ ರಕ್ತ ಸಿಗದಿರುವುದು.

ರಕ್ತ ಸಿಗೋದು ಹೇಗೆ?

ಕಿತ್ತು ತಂದ ಪೈರು ಗದ್ದೆಯಲ್ಲಿ ಬೇರು ಹಿಡಿಯಬೇಕಲ್ಲ, ಇದೂ ಹಾಗೇ. ಮೊದಲ ಒಂದೆರಡು ದಿನ ಚರ್ಮ ಗಾಯದಿಂದ ಒಸರುವ ದ್ರವ ಹೀರಿಕೊಂಡೇ ಬದುಕುತ್ತೆ. 2-3ನೇ ದಿನ ಕೆಳಗಿನ ಸಣ್ಣ ರಕ್ತನಾಳಗಳು ಕೂಡಿಕೊಳ್ಳಲು ಶುರುವಾಗುತ್ತವೆ. 5ರಿಂದ 7 ದಿನದೊಳಗೆ ರಕ್ತ ಸಂಚಾರ ನೆಲೆಗೊಳ್ಳುತ್ತದೆ.

ಎಲ್ಲಿ ತಪ್ಪುತ್ತೆ?

ಚರ್ಮದ ಕೆಳಗೆ ರಕ್ತ, ನೀರು ಅಥವಾ ಕೀವು ನಿಂತರೆ ನಾಳಗಳು ಮೇಲಕ್ಕೆ ತಲುಪೋದಿಲ್ಲ. ಚರ್ಮ ಸರಿದರೆ ಆಗಷ್ಟೇ ಕೂಡಿದ ನಾಳ ಹರಿಯುತ್ತೆ. ಅದಕ್ಕೇ ಬಿಗಿಯಾದ ಪಟ್ಟಿ ಕಟ್ಟೋದು. ಬೀಡಿ, ಸಿಗರೇಟಿನ ನಿಕೋಟಿನ್ ರಕ್ತನಾಳ ಕುಗ್ಗಿಸುತ್ತೆ. ಶುಗರ್ ಇರುವವರ ಕಾಲಿನ ನಾಳ ಕಟ್ಟಿಕೊಂಡಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಬೇಕು.

ಬರೀ ಮೂಳೆ ಕಾಣುವಂಥ ಗಾಯದ ಮೇಲೆ ತೆಳು ಚರ್ಮ ಹಿಡಿಯುವುದು ಕಷ್ಟ. ಅಲ್ಲಿ ರಕ್ತನಾಳದ ಸಮೇತ ಚರ್ಮ ತಂದು ಕೂರಿಸುತ್ತಾರೆ. ಇದೇ 'ಫ್ಲಾಪ್'.

ಶ್ರೀರಂಗಪಟ್ಟಣದ ನಂಟು

ಫ್ಲಾಪ್‌ನ ಹೆಸರಾಂತ ಪ್ರಕರಣವೊಂದಕ್ಕೆ ನಮ್ಮೂರಿನ ಯುದ್ಧದ ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪು ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ವರ್ಷದ ನಂತರ ಪುಣೆ ಬಳಿಯ ಇಟ್ಟಿಗೆ ಕಸುಬಿನ ಸಮುದಾಯದವನೊಬ್ಬ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. ಹುಬ್ಬುಗಳ ನಡುವೆ ಚರ್ಮದ ಎಳೆಯೊಂದನ್ನು ಕತ್ತರಿಸದೇ ಬಿಡುತ್ತಿದ್ದರು, ರಕ್ತ ಹರಿಯಲಿ ಅಂತ. ಸುಮಾರು 25ನೇ ದಿನ ಅದನ್ನು ಕತ್ತರಿಸುತ್ತಿದ್ದರು. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಇದನ್ನು ಪ್ರಕಟಿಸಿತು.

ಮನೆಗೆ ಬಂದ ಮೇಲೆ

* ಕಾಲಿಗೆ ಕಸಿ ಆಗಿದ್ದರೆ ದಿಂಬಿನ ಮೇಲೆ ಎತ್ತರಿಸಿ ಇಡಿ. ನಡೆದಾಡೋದು ಯಾವಾಗ ಅಂತ ವೈದ್ಯರನ್ನು ಕೇಳಿ.
* ಪಟ್ಟಿಯನ್ನು ನೀವೇ ಬಿಚ್ಚಬೇಡಿ, ನೆನೆಸಬೇಡಿ. ಅರಿಶಿನ, ಸೊಪ್ಪಿನ ರಸ ಹಚ್ಚಬೇಡಿ.
* ಬೀಡಿ, ಸಿಗರೇಟು ಪೂರ್ತಿ ಬಿಡಿ. ಶುಗರ್ ಹತೋಟಿಯಲ್ಲಿಡಿ.
* ಕೆಟ್ಟ ವಾಸನೆ, ಕೀವು, ಜ್ವರ, ಹೆಚ್ಚುವ ನೋವು, ಚರ್ಮ ಕಪ್ಪಾಗುವುದು ಕಂಡರೆ ಅವತ್ತೇ ಹೊರಡಿ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಂದ ಮಂಡ್ಯ, ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತೆ ನಿಜ. ಆದರೆ ಪಟ್ಟಿ ಬದಲಿಸುವ ದಿನ ತಪ್ಪಿಸಿ ಕಸಿ ಕೆಟ್ಟರೆ ಮತ್ತೊಂದು ಆಪರೇಷನ್ನೇ ಬೇಕಾಗಬಹುದು.