ಆಪರೇಷನ್ ಬೇಡ ಎನ್ನುವ ಡಾಕ್ಟರ ಜೊತೆ ಮಾತಾಡುವುದು ಹೇಗೆ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಫ್ಯಾಮಿಲಿ ಡಾಕ್ಟರ್ ಒಪ್ಪದಿದ್ದರೆ ಜಗಳಕ್ಕಿಳಿಯಬೇಕಿಲ್ಲ, ಸುಮ್ಮನೆ ಎದ್ದು ಬರಬೇಕಾಗಿಯೂ ಇಲ್ಲ. ಅವರು ಬೇಡ ಎನ್ನುವುದಕ್ಕೆ ಕಾರಣವೇನು ಎಂದು ಕೇಳಿ ತಿಳಿಯುವುದು ಮೊದಲ ಕೆಲಸ.

“ನೋಡಮ್ಮಾ, ಆಪರೇಷನ್ನೆಲ್ಲ ನಿಮಗ್ಯಾಕೆ? ರಾತ್ರಿ ಅನ್ನ ಬಿಡಿ, ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಮಾಡಿ. ತಾನಾಗೇ ಇಳಿಯುತ್ತೆ.”

ಬೇರಿಯಾಟ್ರಿಕ್ ಸರ್ಜರಿಯ ಬಗ್ಗೆ ಕೇಳಲು ಧೈರ್ಯ ಮಾಡಿ ಹೋದ ಅನೇಕರಿಗೆ ಕ್ಲಿನಿಕ್ಕಿನಲ್ಲಿ ಸಿಗುವ ಉತ್ತರ ಇದು. ಹೊರಗೆ ಹತ್ತು ಜನ ಕಾಯುತ್ತಿರುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕೇಳಿದವರು ಮುಖ ಸಣ್ಣದು ಮಾಡಿಕೊಂಡು ಎದ್ದು ಬರುತ್ತಾರೆ. ಅವರು ಅನ್ನ ಬಿಟ್ಟೂ ನೋಡಿದ್ದಾರೆ, ವಾಕಿಂಗೂ ಮಾಡಿದ್ದಾರೆ. ಎಂಟು ಕಿಲೋ ಇಳಿದು ಹತ್ತು ಕಿಲೋ ಏರಿದ ಅನುಭವವೂ ಇದೆ. ಅದನ್ನು ಹೇಳಲು ಸಮಯವೇ ಸಿಕ್ಕಿರುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರು ಗಂಡಸರು ಇಬ್ಬರಲ್ಲೂ, ನೂರಕ್ಕೆ ಸುಮಾರು 30 ಮಂದಿಗೆ ಅತಿತೂಕ ಅಥವಾ ಬೊಜ್ಜು ಇದೆ. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೇಕಾದವರಿಗೆ ಮಾತ್ರ ಅದರ ಬಗ್ಗೆ ನೇರವಾದ, ಗೌರವದ ಮಾತುಕತೆ ಸಿಗಲೇಬೇಕು. ಡಾಕ್ಟರು ಒಪ್ಪಲಿ, ಒಪ್ಪದಿರಲಿ, ಅದಕ್ಕೆ ಕಾರಣ ಹೇಳುವುದು ಅವರ ಹೊಣೆ. ಕೇಳುವುದು ರೋಗಿಯ ಹಕ್ಕು.

ಯಾಕೆ ಹಿಂಜರಿಯುತ್ತಾರೆ?

ವೈದ್ಯರ ಹಿಂಜರಿಕೆಗೆ ಒಂದು ಇತಿಹಾಸವಿದೆ. ತೂಕ ಇಳಿಸುವ ಮೊದಲ ಶಸ್ತ್ರಚಿಕಿತ್ಸೆಗಳು 1950ರ ದಶಕದಲ್ಲಿ ಅಮೆರಿಕದಲ್ಲಿ ನಡೆದವು. ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ಹಾದಿಯಿಂದಲೇ ತಪ್ಪಿಸುವ ಆ ವಿಧಾನದಲ್ಲಿ ತೂಕವೇನೋ ಇಳಿಯಿತು. ಜೊತೆಗೆ ತೀವ್ರ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯವೂ ಬಂದವು. ಕೊನೆಗೆ ಅದನ್ನು ಕೈಬಿಡಲಾಯಿತು. ಆ ಕಾಲದ ಕೆಟ್ಟ ಹೆಸರು ಪಾಠಗಳಲ್ಲಿ, ಹಿರಿಯರ ಮಾತುಗಳಲ್ಲಿ ಬಹುಕಾಲ ಉಳಿಯಿತು. ಇಂದು ಹೆಚ್ಚಾಗಿ ನಡೆಯುವುದು ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಉಳಿದದ್ದನ್ನು ಕೊಳವೆಯಂತೆ ಮಾಡುವ ಸ್ಲೀವ್ ಮತ್ತು ಜಠರವನ್ನು ಕಿರಿದಾಗಿಸಿ ಕರುಳಿಗೆ ಹೊಸ ಜೋಡಣೆ ಕೊಡುವ ಗ್ಯಾಸ್ಟ್ರಿಕ್ ಬೈಪಾಸ್. ಎರಡನ್ನೂ ಲ್ಯಾಪ್ರೋಸ್ಕೋಪಿಯಲ್ಲಿ, ಸಣ್ಣ ರಂಧ್ರಗಳ ಮೂಲಕ ಮಾಡುತ್ತಾರೆ.

ಇನ್ನೊಂದು ಕಾರಣ ಗೊಂದಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆಯ ಬಳಿಕ ತೀರಿಕೊಂಡರು. ಆ ಸುದ್ದಿ ಮನೆಮನೆಯನ್ನೂ ಕಲಕಿತು. ಚರ್ಮದಡಿಯ ಕೊಬ್ಬನ್ನು ಹೀರುವ ಲೈಪೊಸಕ್ಷನ್ ದೇಹದ ಆಕಾರಕ್ಕಾಗಿ ಮಾಡುವಂಥದ್ದು. ಬೇರಿಯಾಟ್ರಿಕ್ ಸರ್ಜರಿ ಜಠರ, ಕರುಳುಗಳಿಗೆ ಸಂಬಂಧಿಸಿದ್ದು, ಕಾಯಿಲೆಯ ಚಿಕಿತ್ಸೆಗಾಗಿ ಮಾಡುವಂಥದ್ದು. ಎರಡೂ ಒಂದೇ ಎಂದುಕೊಂಡು ಹೆದರುವವರು ಇಂದಿಗೂ ಬಹಳ ಜನ.

ಕೆಲವು ವೈದ್ಯರು ತಮ್ಮ ಕಣ್ಣಾರೆ ಕಂಡದ್ದಕ್ಕೆ ಹಿಂಜರಿಯುತ್ತಾರೆ. ಆಪರೇಷನ್ ಮಾಡಿಸಿಕೊಂಡವರು ಮಾತ್ರೆ ನಿಲ್ಲಿಸಿ, ಕೂದಲು ಉದುರಿ, ರಕ್ತಹೀನತೆಯಾಗಿ ವಾಪಸು ಬಂದಿರುತ್ತಾರೆ. ಸರ್ಜರಿ ಮಾಡಿದವರು ದೂರದ ಊರಿನಲ್ಲಿ, ನಂತರದ ತೊಂದರೆ ಊರ ಡಾಕ್ಟರ ತಲೆಯ ಮೇಲೆ. ಆ ಭಯಕ್ಕೆ ಆಧಾರವಿದೆ, ಅದನ್ನು ಗೌರವಿಸಬೇಕು. ಇನ್ನು ಕೆಲವರ ಮನಸ್ಸಿನಲ್ಲಿ ಬೊಜ್ಜು ಎಂದರೆ ಬಾಯಿ ಚಪಲ, ಸೋಮಾರಿತನ. ಈ ನಂಬಿಕೆಗೆ ಮಾತ್ರ ಆಧಾರವಿಲ್ಲ.

ಮನಸ್ಸು ಗಟ್ಟಿ ಮಾಡಿದರೆ ಸಾಲದು

ತೂಕ ಇಳಿದಾಗ ದೇಹ ಅದನ್ನು ಅಪಾಯವೆಂದು ಎಣಿಸಿ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿ ಖರ್ಚನ್ನು ತಗ್ಗಿಸುತ್ತದೆ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ ಕಳೆದ ತೂಕದ ದೊಡ್ಡ ಪಾಲು ಮರಳಿತ್ತು. ಅವರ ದೇಹ ಮಾತ್ರ ನಿರೀಕ್ಷೆಗಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಲೇ ಇತ್ತು. ಡಯೆಟ್ ಮಾಡಿ ಸೋತವರನ್ನು ಬೈಯುವ ಮುನ್ನ ನೆನೆಯಬೇಕಾದ ಸಂಗತಿ ಇದು.

ಶಸ್ತ್ರಚಿಕಿತ್ಸೆ ಈ ಲೆಕ್ಕಾಚಾರವನ್ನೇ ಬದಲಿಸುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಬೈಪಾಸ್‌ನಲ್ಲಿ ಆಹಾರ ಬೇಗ ಕೆಳಗರುಳು ತಲುಪುವುದರಿಂದ ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ, ಇನ್ಸುಲಿನ್‌ಗೆ ನೆರವಾಗುವ ಹಾರ್ಮೋನುಗಳು ಹೆಚ್ಚುತ್ತವೆ. ಹಾಗಾಗಿ ಎಷ್ಟೋ ಜನರಲ್ಲಿ ತೂಕ ಪೂರ್ತಿ ಇಳಿಯುವ ಮೊದಲೇ ಶುಗರ್ ಇಳಿಯತೊಡಗುತ್ತದೆ.

ದೀರ್ಘಕಾಲದ ಫಲಿತಾಂಶಗಳೂ ಇವೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿತು. ವಯಸ್ಸು ಮೊದಲಾದ ಅಂಶಗಳನ್ನು ಸರಿದೂಗಿಸಿ ನೋಡಿದಾಗ ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಸಂಭವ ಶೇ 29ರಷ್ಟು ಕಡಿಮೆ ಎಂದು 2007ರಲ್ಲಿ ವರದಿಯಾಯಿತು. ಅಪಾಯವೂ ಲೆಕ್ಕಕ್ಕೆ ಸಿಕ್ಕಿದೆ. 2009ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಮೂವತ್ತು ದಿನಗಳಲ್ಲಿ ತೀರಿಕೊಂಡವರು ಸಾವಿರಕ್ಕೆ ಮೂವರು. ರಕ್ತಸ್ರಾವ, ಹೊಲಿಗೆಯ ಜಾಗದಲ್ಲಿ ಸೋರಿಕೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಮುಂದೆ ಪಿತ್ತಕೋಶದ ಕಲ್ಲು, ವಿಟಮಿನ್ ಕೊರತೆ, ಕೆಲವರಲ್ಲಿ ತೂಕ ಮರಳುವುದು, ಇವೆಲ್ಲ ನಿಜವಾದ ಸಾಧ್ಯತೆಗಳು. ಇವನ್ನು ಮುಚ್ಚಿಟ್ಟು ಲಾಭವನ್ನಷ್ಟೇ ಹೇಳುವ ಆಸ್ಪತ್ರೆಯನ್ನು ನಂಬಬೇಡಿ.

ಯಾರಿಗೆ ಸೂಕ್ತ?

ಶಸ್ತ್ರಚಿಕಿತ್ಸೆಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40, ಜೊತೆ ಕಾಯಿಲೆಗಳಿದ್ದರೆ 35 ಎಂಬ ಅಳತೆ 1991ರ ಅಮೆರಿಕದ ತಜ್ಞರ ಸಮಾವೇಶದ್ದು. ಅನೇಕ ವೈದ್ಯರ ಮನಸ್ಸಿನಲ್ಲಿ ಇಂದಿಗೂ ಇರುವುದು ಅದೇ. ಭಾರತೀಯರಂಥ ಏಷ್ಯನ್ನರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ 2016ರಲ್ಲಿ 45 ವೈದ್ಯಕೀಯ ಸಂಘಟನೆಗಳು ಅನುಮೋದಿಸಿದ ಮಧುಮೇಹದ ಮಾರ್ಗಸೂಚಿ ಏಷ್ಯನ್ನರಿಗೆ ಪ್ರತಿ ಮಿತಿಯನ್ನೂ 2.5ರಷ್ಟು ಇಳಿಸಿತು. ಮದ್ದಿಗೆ ಶುಗರ್ ಬಗ್ಗದಿದ್ದರೆ 32.5ರಿಂದ ಶಸ್ತ್ರಚಿಕಿತ್ಸೆಗೆ ಶಿಫಾರಸು, 27.5ರಿಂದ ಪರಿಶೀಲನೆ ಎಂದಿತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಏಷ್ಯನ್ನರಿಗೆ 27.5ರಿಂದಲೇ ಈ ಆಯ್ಕೆಯನ್ನು ಮುಂದಿಡಬೇಕು ಎಂದಿದೆ.

160 ಸೆಂ.ಮೀ. ಎತ್ತರ, 84 ಕಿಲೋ ತೂಕದ, ಇನ್ಸುಲಿನ್‌ಗೂ ಶುಗರ್ ಬಗ್ಗದ ಮಹಿಳೆಯೊಬ್ಬರನ್ನು ನೆನೆಯಿರಿ. ಅವರ ಬಿಎಂಐ 32.8. ಹಳೆಯ ಅಳತೆಯಲ್ಲಿ ಅವರು ಅರ್ಹರಲ್ಲ, 2016ರ ಅಳತೆಯಲ್ಲಿ ಅರ್ಹರು. ಡಾಕ್ಟರು “ನೀವೇನು ಅಷ್ಟೊಂದು ದಪ್ಪ ಇಲ್ವಲ್ಲ” ಎಂದರೆ ಯಾವ ಅಳತೆಯಲ್ಲಿ ಎಂದು ವಿನಯದಿಂದಲೇ ಕೇಳಬಹುದು.

‘ಬೇಡ’ ಸರಿಯಾಗಿರುವ ಸಂದರ್ಭಗಳು

ವೈದ್ಯರ ನಿರಾಕರಣೆ ಎಲ್ಲ ಬಾರಿಯೂ ಪೂರ್ವಗ್ರಹವಲ್ಲ. ಥೈರಾಯ್ಡ್ ಹತೋಟಿಯಲ್ಲಿಲ್ಲದಿದ್ದರೆ, ಸ್ಟೀರಾಯ್ಡ್‌ನಂಥ ಔಷಧದಿಂದಲೇ ತೂಕ ಏರುತ್ತಿದ್ದರೆ ಮೊದಲು ಅದನ್ನು ನೋಡಬೇಕು. ಚಿಕಿತ್ಸೆ ಪಡೆಯದ ಖಿನ್ನತೆ, ಮದ್ಯದ ಚಟ, ಬಿಡಲಾಗದ ಸಿಗರೇಟು ಇದ್ದರೆ ಕಾಯುವುದೇ ಕ್ಷೇಮ. ಬೈಪಾಸ್ ಬಳಿಕ ಮದ್ಯ ಬೇಗ ರಕ್ತಕ್ಕೇರುತ್ತದೆ, ಚಟದ ಅಪಾಯವೂ ಹೆಚ್ಚು. ಬೇಗ ಮಗು ಬೇಕೆನ್ನುವವರು ಆಪರೇಷನ್ ನಂತರ ಒಂದರಿಂದ ಒಂದೂವರೆ ವರ್ಷ ಕಾಯಬೇಕಾಗುತ್ತದೆ. ಎದೆಯುರಿ ತೀವ್ರವಾಗಿದ್ದರೆ ಸ್ಲೀವ್ ಅದನ್ನು ಹೆಚ್ಚಿಸಬಹುದು. ಇಂಥ ಕಾರಣ ಹೇಳಿ ತಡೆಯುವ ಡಾಕ್ಟರು ನಿಮ್ಮ ಹಿತೈಷಿ. ಏನು ಸರಿಹೋದ ಮೇಲೆ ಮತ್ತೆ ಬರಬೇಕು ಎಂದು ಅವರಿಂದಲೇ ಬರೆಸಿಕೊಳ್ಳಿ.

ಸಿದ್ಧರಾಗಿ ಹೋಗಿ

ಈ ಮಾತನ್ನು ಜ್ವರದ ಮಾತ್ರೆಗೆ ಹೋದಾಗ ಬಾಗಿಲ ಬಳಿ ನಿಂತು ಎತ್ತಬಾರದು. “ಡಾಕ್ಟ್ರೇ, ಇದರ ಬಗ್ಗೆ ಮಾತಾಡಬೇಕು, ಹದಿನೈದು ನಿಮಿಷ ಯಾವಾಗ ಕೊಡ್ತೀರಿ?” ಎಂದು ಮೊದಲೇ ಕೇಳಿ, ರಶ್ ಇಲ್ಲದ ಹೊತ್ತಿಗೆ ಹೋಗಿ. ಒಂದು ಹಾಳೆಯಲ್ಲಿ ಇಷ್ಟು ಬರೆದಿರಲಿ: ಯಾವ ವರ್ಷ ಎಷ್ಟು ತೂಕವಿತ್ತು, ಯಾವ ಡಯೆಟ್ ಎಷ್ಟು ತಿಂಗಳು ಮಾಡಿದಿರಿ, ಎಷ್ಟು ಇಳಿದು ಎಷ್ಟು ಮರಳಿತು, ಈಗಿನ ಮಾತ್ರೆಗಳು, ಮೂರು ತಿಂಗಳ ಶುಗರ್ ಸರಾಸರಿ, ಬಿ.ಪಿ., ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಮಂಡಿ ನೋವು. ಮೆಟ್ಟಿಲು ಹತ್ತಲಾಗದ್ದು, ಮಗುವನ್ನು ಎತ್ತಿಕೊಳ್ಳಲಾಗದ್ದು ಕೂಡ ಸೇರಲಿ. ಗಂಡ, ಅಕ್ಕ, ಮಗ, ಯಾರಾದರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು:

• ನನ್ನ ದೇಹಸ್ಥಿತಿಯಲ್ಲಿ ಯಾವುದನ್ನು ನೋಡಿ ಬೇಡ ಅನ್ನುತ್ತಿದ್ದೀರಿ?
• ಆಪರೇಷನ್ ಮಾಡಿಸದೆ ಹೀಗೇ ಇದ್ದರೆ ಮುಂದಿನ ಹತ್ತು ವರ್ಷದಲ್ಲಿ ಏನಾಗಬಹುದು?
• ಇನ್ನೂ ಆರು ತಿಂಗಳು ಪ್ರಯತ್ನಿಸಿ ಎಂದರೆ, ಯಾವ ಯೋಜನೆ? ಎಷ್ಟು ಇಳಿಯಬೇಕು? ಇಳಿಯದಿದ್ದರೆ ಮುಂದೇನು?
• ಹೊಸ ಇಂಜೆಕ್ಷನ್‌ಗಳು ನನಗೆ ಆಗುತ್ತವೆಯೇ?
• ನಾನು ತಜ್ಞರನ್ನು ಕಂಡರೆ ರೆಫರಲ್ ಪತ್ರ ಕೊಡುತ್ತೀರಾ? ನಂತರದ ತಪಾಸಣೆ ನೀವು ನೋಡಿಕೊಳ್ಳುತ್ತೀರಾ?

ಎರಡನೇ ಪ್ರಶ್ನೆ ಬಹಳ ಮುಖ್ಯ. ಶಸ್ತ್ರಚಿಕಿತ್ಸೆಯ ಅಪಾಯವನ್ನು ಸುಮ್ಮನಿರುವುದರ ಅಪಾಯದ ಪಕ್ಕದಲ್ಲಿಟ್ಟು ತೂಗಬೇಕು. ಅಪಾಯವೇ ಇಲ್ಲದ ಸ್ಥಿತಿಯೊಂದಿಗೆ ಹೋಲಿಸಿದರೆ ಯಾವ ಚಿಕಿತ್ಸೆಯೂ ಒಪ್ಪಿಗೆಯಾಗದು. ಇಂಜೆಕ್ಷನ್ ಪ್ರಶ್ನೆಗೂ ಈಗ ತೂಕವಿದೆ. ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಯ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿವೆ. ಕೆಲವರಿಗೆ ಅವೇ ಸಾಕಾಗಬಹುದು. ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯವಾದ್ದರಿಂದ ದೀರ್ಘಕಾಲದ ಖರ್ಚನ್ನೂ ಲೆಕ್ಕ ಹಾಕಬೇಕು.

ಆದರೂ ಒಪ್ಪದಿದ್ದರೆ

ಎರಡನೇ ಅಭಿಪ್ರಾಯ ಪಡೆಯುವುದು ಮೊದಲ ಡಾಕ್ಟರಿಗೆ ಮಾಡುವ ಅವಮಾನವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಅದೂ ಒಂದು ಹಕ್ಕು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ನೇರವಾಗಿ ಸರ್ಜನ್ ಬಳಿ ಹೋಗುವ ಬದಲು ಮೊದಲು ಹಾರ್ಮೋನು ತಜ್ಞರನ್ನು, ಅಂದರೆ ಎಂಡೊಕ್ರೈನಾಲಜಿಸ್ಟರನ್ನು ಕಾಣುವುದು ಒಳ್ಳೆಯದು. ಆಪರೇಷನ್ನಿನಲ್ಲಿ ಅವರಿಗೆ ಸ್ವಂತ ಪಾಲಿಲ್ಲ.

ವಿಮೆಯ ವಿಷಯದಲ್ಲೂ ವೈದ್ಯರ ಮಾತಿಗೆ ಬೆಲೆಯಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯ ಷರತ್ತುಗಳು ಹೀಗಿವೆ: ಶಸ್ತ್ರಚಿಕಿತ್ಸೆ ವೈದ್ಯರ ಸಲಹೆಯ ಮೇರೆಗೆ ನಡೆಯಬೇಕು, ವಯಸ್ಸು 18 ದಾಟಿರಬೇಕು, ಬಿಎಂಐ 40 ಇರಬೇಕು. 35 ಇದ್ದರೆ ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆಯೊಂದು ಇದ್ದು, ಬೇರೆ ಪ್ರಯತ್ನಗಳು ವಿಫಲವಾಗಿರಬೇಕು. ಮೇಲೆ ಹೇಳಿದ 84 ಕಿಲೋ ತೂಕದ ಮಹಿಳೆಗೆ ಏಷ್ಯನ್ನರ ಅಳತೆಯಲ್ಲಿ ಚಿಕಿತ್ಸೆ ಸೂಕ್ತ, ಈ ಷರತ್ತಿನಲ್ಲಿ ಹಣ ಸಿಗದು. ಭಾರತೀಯರ ದೇಹಕ್ಕೆ ಹೊಂದದ ಈ ಮಿತಿ ಬದಲಾಗಬೇಕು. ಅಲ್ಲಿಯವರೆಗೆ ಪಾಲಿಸಿಯ ಷರತ್ತುಗಳನ್ನು ಓದಿಯೇ ಮುಂದುವರಿಯಿರಿ.

ಜೊತೆಗೆ ಉಳಿಸಿಕೊಳ್ಳಿ

ಆಪರೇಷನ್ ಥಿಯೇಟರಿನ ಕೆಲಸ ಒಂದೆರಡು ಗಂಟೆಯದು, ಆಮೇಲಿನ ಆರೈಕೆ ಜೀವನಪೂರ್ತಿಯದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಪ್ರತಿ ವರ್ಷ ಪರೀಕ್ಷೆಯಾಗಬೇಕು. ಶುಗರ್, ಬಿ.ಪಿ. ಮಾತ್ರೆಗಳ ಪ್ರಮಾಣವನ್ನು ಬೇಗಬೇಗ ಇಳಿಸಬೇಕಾಗುತ್ತದೆ. ಬೈಪಾಸ್ ಆದವರಿಗೆ ಕೆಲವು ನೋವಿನ ಮಾತ್ರೆಗಳು ಹುಣ್ಣು ತರಬಹುದು. ಪದೇಪದೇ ವಾಂತಿಯಾದರೆ ಬಿ1 ಕೊರತೆಯಿಂದ ನರಗಳಿಗೆ ಹಾನಿಯಾಗಬಹುದು, ತಕ್ಷಣ ಗುರುತಿಸಬೇಕು. ರಾತ್ರಿ ಹತ್ತಕ್ಕೆ ಇಂಥ ತೊಂದರೆಯಾದಾಗ ನೀವು ಮೊದಲು ಫೋನ್ ಮಾಡುವುದು ನಿಮ್ಮ ಬೀದಿಯ ಡಾಕ್ಟರಿಗೇ. ಆದ್ದರಿಂದ ಅವರನ್ನು ಮೀರಿ ಕದ್ದುಮುಚ್ಚಿ ಆಪರೇಷನ್ ಮಾಡಿಸಿಕೊಳ್ಳಬೇಡಿ. ತಜ್ಞರ ಅಭಿಪ್ರಾಯವನ್ನು ತಂದು ತೋರಿಸಿ, ಆಸ್ಪತ್ರೆಯ ಸರ್ಜನ್ ಜೊತೆ ಫೋನಿನಲ್ಲಿ ಮಾತಾಡಿಸಿ, ನಂತರದ ತಪಾಸಣೆಯ ಪಟ್ಟಿಯನ್ನು ಅವರ ಕೈಗೂ ಕೊಡಿ. ಹಿಂದೇಟು ಹಾಕಿದ್ದ ವೈದ್ಯರು ಹೀಗೆ ಜೊತೆಗೂಡಿದರೆ ಅವರ ಎಚ್ಚರಿಕೆಯೇ ನಿಮಗೆ ರಕ್ಷೆ.

ಆದರೆ ಕಾರಣ ಕೇಳಿದಾಗಲೆಲ್ಲ ಹಂಗಿಸುವ, ಬಾಯಿ ಕಟ್ಟಲಾಗದವರೆಂದು ಎಲ್ಲರೆದುರು ನಾಚಿಕೆಪಡಿಸುವ ಡಾಕ್ಟರನ್ನು ಬಿಟ್ಟು ಬೇರೆಯವರ ಬಳಿ ಹೋಗಿ. ಬೊಜ್ಜು ಕಾಯಿಲೆ, ಅದು ತಪ್ಪು ನಡತೆಗೆ ಸಿಕ್ಕ ಶಿಕ್ಷೆಯಲ್ಲ. ಕಾಯಿಲೆಯವರು ಕೇಳುವುದು ಚಿಕಿತ್ಸೆ. ಅದು ಆಪರೇಷನ್ನೇ ಆಗಲಿ, ಇಂಜೆಕ್ಷನ್ನೇ ಆಗಲಿ, ಇನ್ನಷ್ಟು ದಿನ ಕಾಯುವುದೇ ಆಗಲಿ, ತೀರ್ಮಾನ ಎರಡೂ ಕಡೆಯವರು ಎದುರು ಬದುರು ಕುಳಿತು, ಕಾರಣ ಕೊಟ್ಟು ಕಾರಣ ಕೇಳಿ ಮಾಡಿದ್ದಾಗಿರಬೇಕು. ಅಷ್ಟನ್ನು ಕೇಳಿ ಪಡೆಯಲು ಯಾವ ರೋಗಿಯೂ ಸಂಕೋಚಪಡಬೇಕಿಲ್ಲ.