ಬಾಣಂತಿಯ ಕೋಣೆಯೂ ಕೂಸಿನ ಬಟ್ಟೆಯೂ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಆ ಮನೆಯ ದಿನಚರಿಯೇ ಬದಲಾಗುತ್ತದೆ. ಅರಕಲಗೂಡು ಸೀಮೆಯ ಹಳ್ಳಿಗಳಲ್ಲಿ, ಅವು ಕಾವೇರಿ ದಂಡೆಯ ಕೊಣನೂರು, ರಾಮನಾಥಪುರಗಳ ಕಡೆಯವಾಗಲಿ, ಹೇಮಾವತಿಯ ಕಡೆಯವಾಗಲಿ, ಒಂದು ಒಳಕೋಣೆಯನ್ನು ಬಾಣಂತಿಗೆಂದು ಬಿಟ್ಟುಕೊಡುವುದು ಹಿಂದಿನಿಂದ ಬಂದ ರೂಢಿ. ಹಂಡೆಯಲ್ಲಿ ನೀರು ಕಾಯುತ್ತದೆ. ತೊಟ್ಟಿಲು ಅಟ್ಟದಿಂದ ಕೆಳಗಿಳಿಯುತ್ತದೆ. ಹಳೆಯ ಸೀರೆ, ಪಂಚೆಗಳು ಕೂಸಿನ ಲಂಗೋಟಿಗಳಾಗುತ್ತವೆ. ಬಾಣಂತಿಯ ಎಣ್ಣೆನೀರು, ಪಥ್ಯ, ಕೂಸಿನ ದೃಷ್ಟಿಬೊಟ್ಟು ಇವೆಲ್ಲದರ ಕಡೆಗೂ ಹಿರಿಯರು ಗಮನ ಕೊಡುತ್ತಾರೆ. ಆದರೆ ದಿನಕ್ಕೆ ಹತ್ತು ಹನ್ನೆರಡು ಬಾರಿ ನಡೆಯುವ ಒಂದು ಕೆಲಸವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಕೂಸಿನ ಒದ್ದೆ ಬಟ್ಟೆಯನ್ನು ಬದಲಿಸುವ ಕೆಲಸ. ಕೂಸಿನ ಆರೋಗ್ಯವೂ ಮನೆಯ ಇತರ ಮಕ್ಕಳ ಆರೋಗ್ಯವೂ ಬಹುಮಟ್ಟಿಗೆ ಈ ಕೆಲಸವು ಹೇಗೆ ನಡೆಯುತ್ತದೆಂಬುದನ್ನು ಅವಲಂಬಿಸಿವೆ.

ಕೂಸಿನ ಮಲ ನಿರಪಾಯಕರವೆ?

"ಬರೀ ಹಾಲು ಕುಡಿಯುವ ಕೂಸು, ಅದರ ಮಲಕ್ಕೆ ಎಂಥ ಹೇಸಿಗೆ?" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಮಾತಿನ ಹಿಂದಿರುವ ಮಮತೆ ದೊಡ್ಡದು. ಆದರೆ ಮಾತು ನಿಜವಲ್ಲ. ಎಳೆಯ ಮಕ್ಕಳಿಗೆ ವಾಂತಿಭೇದಿಯನ್ನು ತರುವ ರೋಗಾಣುಗಳಲ್ಲಿ ರೋಟಾ ವೈರಸ್ ಎಂಬುದು ಮುಖ್ಯವಾದದ್ದು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು ನವಜಾತ ಶಿಶುಗಳ ಮಲವನ್ನು ಪರೀಕ್ಷಿಸಿದಾಗ, ಭೇದಿಯ ಯಾವ ಲಕ್ಷಣವೂ ಇಲ್ಲದ ಶಿಶುಗಳ ಮಲದಲ್ಲಿಯೂ ಈ ವೈರಸ್ಸನ್ನು ಕಂಡರು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿಗೂ ಇಂಥದೇ ಸಂಗತಿ ಕಂಡುಬಂದಿತು. ದೆಹಲಿಯಲ್ಲಿ ದೊರೆತ ಆ ವೈರಸ್ಸಿನಿಂದಲೇ ಮುಂದೆ ನಮ್ಮ ದೇಶದ ರೋಟಾ ಲಸಿಕೆಯೊಂದು ಸಿದ್ಧವಾಯಿತು. 2016ರಿಂದ ರೋಟಾ ಲಸಿಕೆಯು ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಮಗುವಿಗೆ 6, 10 ಮತ್ತು 14 ವಾರಗಳಾದಾಗ ಇದನ್ನು ಬಾಯಿಯ ಮೂಲಕ ಉಚಿತವಾಗಿ ಕೊಡಲಾಗುತ್ತದೆ.

ನಗುತ್ತಿರುವ, ಹಾಲು ಕುಡಿಯುತ್ತಿರುವ ಕೂಸಿನ ಮಲದಲ್ಲಿಯೂ ರೋಗಾಣು ಇರಬಹುದೆಂಬುದು ಇದರಿಂದ ಸ್ಪಷ್ಟ. ಕೂಸಿಗೆ ತೊಂದರೆ ಕೊಡದ ರೋಗಾಣು ಪಕ್ಕದಲ್ಲಿ ಆಡುವ ಮೂರು ವರ್ಷದ ಅಣ್ಣನಿಗೆ ತೊಂದರೆ ಕೊಡಬಹುದು.

ರೋಗ ನಡೆದುಬರುವ ದಾರಿ

ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿ ಕೂಸಿನ ಬಟ್ಟೆಯನ್ನು ಬಿಚ್ಚಿ, ಒರೆಸಿ, ಒದ್ದೆ ಬಟ್ಟೆಯನ್ನು ಮಂಚದ ಕೆಳಗೆ ತಳ್ಳುತ್ತಾಳೆ. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಅಷ್ಟರಲ್ಲಿ ದೊಡ್ಡ ಮಗು ಹಸಿವೆಂದು ಬರುತ್ತದೆ. ಅದೇ ಕೈಯಿಂದ ಮುದ್ದೆ ಮುರಿದು ಬಾಯಿಗಿಡುತ್ತಾಳೆ. ಮಂಚದ ಕೆಳಗಿನ ಬಟ್ಟೆಯ ಮೇಲೆ ಕುಳಿತ ನೊಣ ಅಡಿಗೆಮನೆಯ ಸಾರಿನ ಪಾತ್ರೆಯ ಮೇಲೆ ಕುಳಿತುಕೊಳ್ಳುತ್ತದೆ. ಎರಡು ದಿನಗಳಲ್ಲಿ ದೊಡ್ಡ ಮಗುವಿಗೆ ವಾಂತಿಭೇದಿ. ಮನೆಯವರು ದೃಷ್ಟಿ ತಗುಲಿತೆನ್ನುತ್ತಾರೆ. ಆರು ತಿಂಗಳ ಕೂಸಿಗೆ ಭೇದಿಯಾದರೆ ಹಲ್ಲು ಬರುತ್ತಿದೆಯೆಂದು ಸುಮ್ಮನಾಗುತ್ತಾರೆ. ಹಲ್ಲು ಹುಟ್ಟುವುದರಿಂದ ಭೇದಿಯಾಗುವುದಿಲ್ಲ. ಆ ವಯಸ್ಸಿನ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಕೊಳೆ ಒಳಗೆ ಹೋಗುವುದು ಹಾಗೆ.

ಈ ದಾರಿಯನ್ನು ಮೂರು ಕಡೆ ಕಡಿಯಬಹುದು: ಬಟ್ಟೆ ಬದಲಿಸುವ ಸ್ಥಳದಲ್ಲಿ, ಕೈಯಲ್ಲಿ, ಮತ್ತು ಕೊಳೆ ಬಟ್ಟೆ ಹೋಗಿ ಸೇರುವ ಜಾಗದಲ್ಲಿ.

ಬಟ್ಟೆ ಬದಲಿಸುವ ಸ್ಥಳ

ಕೋಣೆಯಲ್ಲಿ ಒಂದು ಮೂಲೆಯನ್ನು ಬಟ್ಟೆ ಬದಲಿಸುವುದಕ್ಕೆಂದೇ ಗೊತ್ತುಮಾಡಿಕೊಳ್ಳಿ. ಒಮ್ಮೆ ತೊಟ್ಟಿಲ ಬಳಿ, ಒಮ್ಮೆ ಅಡಿಗೆಮನೆಯ ಹೊಸ್ತಿಲಲ್ಲಿ, ಒಮ್ಮೆ ಊಟದ ಚಾಪೆಯ ಮೇಲೆ ಬದಲಿಸುವುದು ಸಲ್ಲದು. ಚಾಪೆಯ ಮೇಲೆ ರಬ್ಬರ್ ಹಾಳೆಯನ್ನು ಹಾಸಿ, ಅದರ ಮೇಲೆ ಒಗೆದ ಬಟ್ಟೆಯನ್ನು ಹರಡಿ ಕೂಸನ್ನು ಮಲಗಿಸಬೇಕು. ಸಗಣಿಯಿಂದ ಸಾರಿಸಿದ ನೆಲದ ಮೇಲೆ ಕೂಸನ್ನಾಗಲಿ ಅದರ ಬಟ್ಟೆಯನ್ನಾಗಲಿ ನೇರವಾಗಿ ಇಡಬಾರದು; ಸಗಣಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರಬಹುದು.

ಬಿಚ್ಚುವುದಕ್ಕೆ ಮೊದಲೇ ಒಗೆದ ಬಟ್ಟೆ, ಒರೆಸಲು ಮೆತ್ತನೆಯ ತುಂಡುಬಟ್ಟೆ, ಚೊಂಬಿನಲ್ಲಿ ಬೆಚ್ಚನೆಯ ನೀರು, ಮುಚ್ಚಳವಿರುವ ಬಕೆಟ್ಟು ಇವೆಲ್ಲವೂ ಕೈಗೆಟಕುವಂತಿರಬೇಕು. ಮಂಚದ ಮೇಲೆ ಕೂಸನ್ನು ಒಂಟಿಯಾಗಿ ಬಿಟ್ಟು ಬಟ್ಟೆ ತರಲು ಏಳಬಾರದು. ಹೆಣ್ಣುಕೂಸನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ಅಂಶ ಮೂತ್ರದ್ವಾರವನ್ನು ಸೇರುತ್ತದೆ. ಹೊಕ್ಕುಳಬಳ್ಳಿ ಉದುರುವವರೆಗೆ ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಮಡಿಚಿ ಕಟ್ಟಬೇಕು. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಒಣಗಿ ಶುಭ್ರವಾಗಿದ್ದರೆ ಸಾಕು.

ಶೀತವಾದೀತೆಂಬ ಭಯದಿಂದ ಕಿಟಕಿಗಳನ್ನು ಹಗಲೂ ರಾತ್ರಿ ಮುಚ್ಚಿಡುವವರುಂಟು. ಬಟ್ಟೆ ಬದಲಿಸುವ ಹೊತ್ತಿನಲ್ಲಿ ಕೂಸಿನ ಮೈಗೆ ನೇರ ಗಾಳಿ ತಗುಲದಂತೆ ನೋಡಿಕೊಳ್ಳುವುದು ಸರಿ. ಉಳಿದ ವೇಳೆಯಲ್ಲಿ ಕೋಣೆಗೆ ಬೆಳಕು ಬರಲಿ, ಗಾಳಿ ಆಡಲಿ. ವಾಸನೆ ಹೋಗಲೆಂದು ಸಾಂಬ್ರಾಣಿಯ ಹೊಗೆಯನ್ನು ತುಂಬುವುದರಿಂದ ರೋಗಾಣುಗಳು ಸಾಯುವುದಿಲ್ಲ. ಕೂಸಿನ ಶ್ವಾಸಕೋಶಕ್ಕೆ ಮಾತ್ರ ಕೆಡುಕಾಗುತ್ತದೆ. ವಾಸನೆ ಬರುತ್ತಿದ್ದರೆ ಅದರ ಕಾರಣವನ್ನು ಕೋಣೆಯಿಂದ ಹೊರಗೆ ಸಾಗಿಸಬೇಕು.

ಕೈಗಳ ಶುಚಿತ್ವ

ಬಟ್ಟೆ ಬದಲಿಸಿದ ಕೂಡಲೇ ಎರಡು ಕೈಗಳನ್ನೂ ಸೋಪು ಹಚ್ಚಿ, ಬೆರಳ ಸಂದುಗಳನ್ನೂ ಉಗುರುಗಳನ್ನೂ ಉಜ್ಜಿ, ಸುರಿಯುವ ನೀರಿನಲ್ಲಿ ತೊಳೆಯಬೇಕು. ಇಪ್ಪತ್ತರವರೆಗೆ ಎಣಿಸುವಷ್ಟು ಹೊತ್ತು ಉಜ್ಜಿದರೆ ಸಾಕು. ಬೋಗುಣಿಯ ನೀರಿನಲ್ಲಿ ಕೈಯದ್ದಿ ತೆಗೆಯುವುದು ಕೈ ತೊಳೆದಂತಲ್ಲ. ಅಂಗಳದ ಮಣ್ಣಿನಿಂದ ಉಜ್ಜುವುದೂ ಬೇಡ. ಮೊಲೆಯೂಡಿಸುವ ಮೊದಲು, ಅಡಿಗೆಗೆ ಕೈಹಾಕುವ ಮೊದಲು, ಉಣ್ಣುವ ಮತ್ತು ಉಣಿಸುವ ಮೊದಲು ಇದೇ ಕ್ರಮವನ್ನು ಅನುಸರಿಸಬೇಕು. ಬಚ್ಚಲ ಬಾಗಿಲಲ್ಲಿ ಒಂದು ಸೋಪಿನ ತುಂಡೂ ಒಂದು ಚೊಂಬು ನೀರೂ ಸದಾ ಇರಲಿ.

ನಮ್ಮ ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ಸಂಸಾರಗಳು ಹಲವಿವೆ. ಹಸಿ ಸೊಪ್ಪನ್ನು ಮುರಿದ ಕೈಗೆ ಅದರ ರಸ ಅಂಟಿರುತ್ತದೆ; ಅದರಲ್ಲಿರುವ ನಿಕೋಟಿನ್ ವಿಷವು ಚರ್ಮದ ಮೂಲಕವೂ ಮೈಯೊಳಗೆ ಹೋಗಬಲ್ಲುದು. ಹೊಲದಿಂದ ಬಂದವರು, ಬೆಳೆಗೆ ಔಷಧಿ ಸಿಂಪಡಿಸಿ ಬಂದವರು ಕೈಕಾಲು ತೊಳೆದು, ಅಂಗಿ ಬದಲಿಸಿದ ಬಳಿಕವೇ ಕೂಸನ್ನು ಎತ್ತಿಕೊಳ್ಳಬೇಕು.

ಕೊಳೆ ಬಟ್ಟೆ ಎಲ್ಲಿಗೆ ಹೋಗಬೇಕು?

ಮಲವಾದ ಬಟ್ಟೆಯನ್ನು ಕೂಡಲೇ ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ ಮುಚ್ಚಬೇಕು. ಮಲವನ್ನು ಶೌಚಾಲಯಕ್ಕೆ ಹಾಕಬೇಕು. ಹಿತ್ತಲಿಗೆ, ತಿಪ್ಪೆಗೆ, ಚರಂಡಿಗೆ ಎಸೆಯಬಾರದು. ಶೌಚಾಲಯಕ್ಕೆ ದೂರವಿರುವ ತೋಟದ ಮನೆಗಳಲ್ಲಿ ಬಾವಿ, ಕೆರೆಗಳಿಂದ ದೂರದಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಈ ಬಟ್ಟೆಗಳನ್ನು ನದಿಯ ಸೋಪಾನದಲ್ಲಿ, ನಾಲೆಯಲ್ಲಿ, ಊರಿನ ನೀರಿನ ತೊಂಬೆಯ ಬಳಿ ಒಗೆಯುವುದು ನೆರೆಯವರಿಗೆ ರೋಗವನ್ನು ಹಂಚಿದಂತೆ. ಮನೆಯ ಬಚ್ಚಲಲ್ಲಿಯೇ ಒಗೆದು, ನೀರನ್ನು ಇಂಗುಗುಂಡಿಗೆ ಬಿಡಬೇಕು.

ಬಾಣಂತಿಯ ಸ್ನಾನಕ್ಕೆಂದು ಕಾಯಿಸಿದ ಹಂಡೆಯಲ್ಲಿ ಮಿಕ್ಕ ಬಿಸಿನೀರಿನಲ್ಲಿ ಸೋಪು ಕದಡಿ ಬಟ್ಟೆಗಳನ್ನು ನೆನೆಸಿ, ಚೆನ್ನಾಗಿ ಉಜ್ಜಿ, ಸೋಪಿನ ಅಂಶ ಉಳಿಯದಂತೆ ಜಾಲಿಸಿ, ಹಗ್ಗದ ಮೇಲೆ ಬಿಸಿಲಿಗೆ ಹರಡಬೇಕು. ಬೇಲಿಯ ಮೇಲೆ, ನೆಲದ ಮೇಲೆ ಹರಡಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಬಿಸಿಲು ಕಾಣುವುದೇ ಅಪರೂಪ. ಆಗ ಸೂರಿನಡಿ ಗಾಳಿಯಾಡುವಲ್ಲಿ ಒಣಗಿಸಿ, ಇಸ್ತ್ರಿ ಹಾಕುವುದು ಲೇಸು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೂಸಿನ ಬಟ್ಟೆಯನ್ನು ಒಣಗಿಸಕೂಡದು. ಅರೆ ಒಣಗಿದ ಬಟ್ಟೆಯನ್ನು ಕಟ್ಟಿದರೆ ತೊಡೆಯ ಸಂದು ಕೆಂಪಾಗಿ ಹುಣ್ಣಾಗುತ್ತದೆ. ಆದುದರಿಂದ ಎರಡು ಡಜನ್ನಿನಷ್ಟು ತುಂಡುಬಟ್ಟೆಗಳನ್ನು ಹೆರಿಗೆಗೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಅವುಗಳ ಜೊತೆ ಪೆಟ್ಟಿಗೆಯಲ್ಲಿ ನುಸಿಗುಳಿಗೆಯನ್ನು ಇಡಬೇಡಿ. ಅದರಿಂದ ಕೆಲವು ಶಿಶುಗಳಲ್ಲಿ ರಕ್ತಕಣಗಳು ಒಡೆದು ಕಾಮಾಲೆ ಹೆಚ್ಚಾಗುವುದುಂಟು.

ಅಂಗಡಿಯ ಡೈಪರುಗಳನ್ನು ಬಳಸುವವರು ಮಲವನ್ನು ಶೌಚಾಲಯಕ್ಕೆ ಹಾಕಿ, ಡೈಪರನ್ನು ಕಾಗದದಲ್ಲಿ ಸುತ್ತಿ ಗ್ರಾಮ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ಶೌಚಾಲಯದ ಗುಂಡಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ನದಿಗೆ ಎಸೆದರೆ ಅದು ಕರಗುವುದಿಲ್ಲ.

ಇದು ತಾಯಿಯೊಬ್ಬಳ ಕೆಲಸವಲ್ಲ

ಇಷ್ಟನ್ನೂ ಓದಿದ ಗೃಹಸ್ಥರು ಇದು ಹೆಂಗಸರಿಗೆ ಹೇಳಿದ ಮಾತೆಂದು ಪುಸ್ತಕವನ್ನು ಮುಚ್ಚಬಾರದು. ಹೆರಿಗೆಯಾದ ಹೆಂಗಸಿನ ಮೈ ಇನ್ನೂ ಬಲಿತಿರುವುದಿಲ್ಲ. ರಾತ್ರಿಯ ನಿದ್ದೆಯೂ ಇರುವುದಿಲ್ಲ. ನಡುರಾತ್ರಿ ಮೂರನೆಯ ಬಾರಿ ಎದ್ದವಳು ಕತ್ತಲೆಯಲ್ಲಿ ಬಚ್ಚಲಿಗೆ ಹೋಗಿ ಕೈ ತೊಳೆದು ಬರಲು ಬೇಸರಪಟ್ಟರೆ ಅದು ಅವಳ ತಪ್ಪಲ್ಲ. ಮಲಗುವ ಮುನ್ನ ಚೊಂಬಿನಲ್ಲಿ ನೀರು, ಸೋಪು, ಕೈ ತೊಳೆದ ನೀರಿಗೊಂದು ಬೋಗುಣಿ, ಮಡಿಚಿಟ್ಟ ಬಟ್ಟೆ ಇವನ್ನು ಅವಳ ಕೈಗೆಟಕುವಂತೆ ಇಡುವುದು ಗಂಡನ ಕೆಲಸ. ಬೆಳಿಗ್ಗೆ ಬಕೆಟ್ಟನ್ನು ಹೊರಗೆ ಸಾಗಿಸುವುದು, ನೀರು ಸೇದುವುದು, ಬಟ್ಟೆ ಒಗೆಯುವುದು, ಕೂಸಿನ ಬಟ್ಟೆ ಬದಲಿಸುವುದು ಇವುಗಳಿಂದ ಯಾವ ಗಂಡಸಿನ ಮಾನವೂ ಕುಂದುವುದಿಲ್ಲ. ತಂದೆಯಾದವನಿಗೆ ಇದು ಕರ್ತವ್ಯ. ಒಂದು ಕೂಸು ಲಂಗೋಟಿಯಲ್ಲಿರುವಾಗಲೇ ಇನ್ನೊಂದು ಹುಟ್ಟಿದರೆ ಈ ದುಡಿಮೆ ಇಮ್ಮಡಿಯಾಗುತ್ತದೆಂಬುದನ್ನೂ ದಂಪತಿಗಳು ಕೂಡಿ ಯೋಚಿಸಬೇಕು.

ಭೇದಿಯಾದರೆ ಏನು ಮಾಡಬೇಕು?

ತಾಯಿಯ ಹಾಲನ್ನೇ ಕುಡಿಯುವ ಕೂಸು ಹಳದಿಯಾಗಿ, ಸಡಿಲವಾಗಿ ದಿನಕ್ಕೆ ಹಲವು ಬಾರಿ ಮಲವಿಸರ್ಜನೆ ಮಾಡುವುದು ಸಹಜ. ಎಂದಿಗಿಂತ ಹೆಚ್ಚು ಬಾರಿ ನೀರು ನೀರಾಗಿ ಹೋದರೆ ಅದು ಭೇದಿ. ಆಗ ಮೊಲೆಹಾಲನ್ನು ನಿಲ್ಲಿಸದೆ ಇನ್ನಷ್ಟು ಬಾರಿ ಕೊಡಬೇಕು. ಎರಡು ತಿಂಗಳಿಗಿಂತ ಚಿಕ್ಕ ಕೂಸಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದೊಡ್ಡ ಮಕ್ಕಳಿಗೆ ಓ.ಆರ್.ಎಸ್. ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ಕದಡಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ಇಡಬಾರದು. ಜೊತೆಗೆ ಆರೋಗ್ಯ ಕಾರ್ಯಕರ್ತೆ ಹೇಳಿದ ಪ್ರಮಾಣದಲ್ಲಿ ಜಿಂಕ್ ಮಾತ್ರೆಯನ್ನು 14 ದಿನ ತಪ್ಪದೆ ಕೊಡಬೇಕು. ಕಣ್ಣು ಗುಳಿಬಿದ್ದರೆ, ಕೂಸು ಹಾಲು ಕುಡಿಯದೆ ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿಯೂ ಹಾಲು ಕೊಡುತ್ತಿರಿ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ಕೊಡುತ್ತಾಳೆ. ಆಕೆ ಬಂದಾಗ ಬಟ್ಟೆ ಬದಲಿಸುವ ಮೂಲೆಯನ್ನೂ, ಕೈ ತೊಳೆಯುವ ಸ್ಥಳವನ್ನೂ ತೋರಿಸಿ. ಸಂದೇಹಗಳನ್ನು ಸಂಕೋಚವಿಲ್ಲದೆ ಕೇಳಿ. ಆ ಹೊತ್ತಿನಲ್ಲಿ ಗಂಡನೂ ಅತ್ತೆಯೂ ಜೊತೆಯಲ್ಲಿದ್ದರೆ ಮೇಲು.

ಮುಚ್ಚಳವಿರುವ ಒಂದು ಬಕೆಟ್ಟು, ಒಂದು ಸೋಪಿನ ತುಂಡು, ಬಿಸಿಲಿಗೆ ಕಟ್ಟಿದ ಒಂದು ಹಗ್ಗ ಇವು ಎಂಥ ಬಡವರ ಮನೆಗೂ ಎಟುಕುವಂಥವು. ಕೂಸಿಗೆ ಬೆಳ್ಳಿಯ ಉಡಿದಾರವನ್ನು ಮಾಡಿಸುವ ಮೊದಲು ಇವನ್ನು ಒದಗಿಸಿರಿ. ತೊಟ್ಟಿಲಿಗೆ ಹಾಕಿದ ಕೂಸು ಅಂಗಳದಲ್ಲಿ ಓಡಾಡುವಂತೆ ಬೆಳೆಯಲು ಇವುಗಳಿಂದ ಆಗುವ ಸಹಾಯ ದೊಡ್ಡದು.