ಹಸಿವಿಲ್ಲದ ಮೀನಿಗೆ ಗಾಳ

ಗಾಳ ಹಾಕಿ ಕುಳಿತವನನ್ನು ಕಂಡರೆ ನಾವು ಸಾಮಾನ್ಯವಾಗಿ ಎರಡು ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ: ಒಂದೋ ಹೊಟ್ಟೆಪಾಡಿನವನು, ಇಲ್ಲವೇ ಮಾಡಲು ಕೆಲಸವಿಲ್ಲದವನು. ಹಣ ತೆತ್ತು, ಮಾರ್ಗದರ್ಶಕನೊಬ್ಬನನ್ನು ಜೊತೆ ಮಾಡಿಕೊಂಡು, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟು ಬರುವವರೂ ಉಂಟೆಂದರೆ ನಗು ಬಂದೀತು. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಿನಲ್ಲಿ, ಸ್ಕಾಟ್ಲೆಂಡಿನ ಟೇ ನದಿಯಲ್ಲಿ ನಾನೂ ಮೂರು ದಿನ ಅಂಥವರಲ್ಲೊಬ್ಬನಾಗಿದ್ದೆ.

ಟೇ ಸ್ಕಾಟ್ಲೆಂಡಿನ ಅತಿ ಉದ್ದವಾದ ನದಿ. ಸುಮಾರು 190 ಕಿಲೋಮೀಟರ್ ಹರಿದು, ಪರ್ತ್ ನಗರವನ್ನು ದಾಟಿ ಸಮುದ್ರ ಸೇರುತ್ತದೆ. ಮೀನು ಹಿಡಿಯುವ ಹಕ್ಕಿನ ದೃಷ್ಟಿಯಿಂದ ಅದನ್ನು ತುಂಡುತುಂಡಾಗಿ ವಿಂಗಡಿಸಿದ್ದಾರೆ. ಒಂದೊಂದು ತುಂಡಿಗೂ ‘ಬೀಟ್’ ಎಂದು ಹೆಸರು, ದಿನಕ್ಕಿಷ್ಟೆಂದು ಬಾಡಿಗೆ. ಸಾಲ್ಮನ್ ಮೀನಿನ ಹಂಗಾಮು ಜನವರಿ 15ರಿಂದ ಅಕ್ಟೋಬರ್ 15ರವರೆಗೆ. ಭಾನುವಾರ ಸಾಲ್ಮನ್ನಿಗೆ ಗಾಳ ಹಾಕುವಂತಿಲ್ಲ. ಬೀಟನ್ನು ನೋಡಿಕೊಂಡು, ಬಂದವರನ್ನು ನಡೆಸುವವನೇ ‘ಗಿಲಿ’. ಗೇಲಿಕ್ ಭಾಷೆಯಲ್ಲಿ ಈ ಪದಕ್ಕೆ ಹುಡುಗ, ಆಳು ಎಂಬ ಅರ್ಥಗಳಿವೆ. ನನಗೆ ದೊರೆತ ‘ಹುಡುಗ’ರಿಗೆ ಎಪ್ಪತ್ತು ಸಮೀಪಿಸಿತ್ತು. ಅವರ ತಂದೆಯೂ ಅದೇ ಬೀಟಿನ ಗಿಲಿಯಾಗಿದ್ದವರು.

ಇಂಥ ಮಾರ್ಗದರ್ಶಕ ಏಕೆ ಬೇಕು? ಉತ್ತರ ಸಾಲ್ಮನ್ನಿನ ಬಾಳಿನಲ್ಲಿಯೇ ಇದೆ. ತಣ್ಣನೆಯ ನೀರಿನ ತಳದಲ್ಲಿ, ಸಣ್ಣಕಲ್ಲುಗಳ ನಡುವೆ ತಾಯಿಮೀನು ಮೊಟ್ಟೆಯಿಡುತ್ತದೆ. ಮರಿಗಳು ಎರಡು ಮೂರು ವರ್ಷ ಹೊಳೆಯಲ್ಲಿ ಬೆಳೆದು, ಬೆಳ್ಳಿಯ ಬಣ್ಣ ತಾಳಿ ಕಡಲಿಗಿಳಿಯುತ್ತವೆ. ಗ್ರೀನ್‌ಲೆಂಡಿನ ಸುತ್ತಣ ನೀರಿನವರೆಗೂ ಹೋಗಿ ಮೇಯುತ್ತವೆ. ಒಂದೆರಡು ಚಳಿಗಾಲ ಕಳೆದ ಮೇಲೆ, ತಾವು ಹುಟ್ಟಿದ ಹೊಳೆಯನ್ನು ಅದರ ನೀರಿನ ವಾಸನೆಯಿಂದಲೇ ಗುರುತಿಸಿ ಹಿಂದಿರುಗುತ್ತವೆ. ಹೀಗೆ ಮರಳಿದ ಸಾಲ್ಮನ್ ಹೊಳೆಯಲ್ಲಿ ಆಹಾರ ತೆಗೆದುಕೊಳ್ಳುವುದಿಲ್ಲ. ಅಂದಮೇಲೆ ಹಕ್ಕಿಯ ಗರಿ, ಪ್ರಾಣಿಯ ಕೂದಲುಗಳಿಂದ ಕಟ್ಟಿದ ಹುಸಿ ನೊಣವನ್ನು ಅದು ಕಚ್ಚುವುದೇಕೆ? ಸಿಟ್ಟಿನಿಂದ ಎನ್ನುವವರಿದ್ದಾರೆ; ಮರಿಯಾಗಿದ್ದಾಗಿನ ಅಭ್ಯಾಸದಿಂದ ಎನ್ನುವವರಿದ್ದಾರೆ. ಹಸಿದ ಮೀನಿಗೆ ಎರೆ ಸಾಕು. ಹಸಿವಿಲ್ಲದ ಮೀನಿಗೆ, ಅದು ದಣಿವಾರಿಸಿಕೊಳ್ಳಲು ನಿಂತ ಜಾಗದಲ್ಲಿ, ಅದರ ಕಣ್ಣೆದುರಿಗೇ ನೊಣ ಹಾಯಬೇಕು. ಆ ಜಾಗ ಬಲ್ಲವನು ಗಿಲಿ. ನಾವು ತೆರುವ ಹಣ ಮೀನಿನ ಬೆಲೆಯಲ್ಲ, ಆ ಅರಿವಿನ ಬೆಲೆ.

ಮೊದಲ ದಿನ ಹದಿನೈದು ಅಡಿಯ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು ಬೀಸುವುದನ್ನು ಕಲಿಯುವುದರಲ್ಲೇ ಸಂಜೆಯಾಯಿತು. ಎರಡನೆಯ ದಿನ ನೀರನ್ನು ನೋಡುವುದನ್ನು ಕಲಿತೆ. ನನಗೆ ಒಂದೇ ಸಮನೆ ಹರಿಯುವಂತೆ ಕಂಡ ನದಿಯಲ್ಲಿ ಅವರು ಮುಳುಗಿದ ಬಂಡೆಯನ್ನೂ ಅದರ ಹಿಂದಿನ ಮಂದ ನೀರನ್ನೂ ಬೆರಳಿಟ್ಟು ತೋರಿಸಿದರು. ನಿನ್ನೆ ಮೀನು ನಿಂತಿದ್ದ ಜಾಗದಲ್ಲಿ, ನೀರು ಅರ್ಧ ಅಡಿ ಏರಿದರೆ, ಇಂದು ನಿಲ್ಲುವುದಿಲ್ಲವಂತೆ.

ಬಿಡುವಿನಲ್ಲಿ ಕಥೆಗಳು. 1922ರ ಅಕ್ಟೋಬರ್ 7ರಂದು ಇದೇ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ, ತಂದೆ ದೋಣಿಗೆ ಹುಟ್ಟು ಹಾಕುತ್ತಿರಲು, 64 ಪೌಂಡ್ ತೂಕದ ಸಾಲ್ಮನ್ ಹಿಡಿದಳು. ಸುಮಾರು ಎರಡು ಗಂಟೆಗಳ ಹೋರಾಟ ಅದು. ಬ್ರಿಟನ್ನಿನಲ್ಲಿ ಕೋಲಿನಿಂದ ಹಿಡಿದ ಸಾಲ್ಮನ್ನುಗಳಲ್ಲಿ ಆ ದಾಖಲೆ ಇಂದಿಗೂ ಮುರಿದಿಲ್ಲ. ನಾನು ಕರ್ನಾಟಕದವನೆಂದು ತಿಳಿದಾಗ ಆ ಹಿರಿಯರು ಕಬಿನಿಯ ಹೆಸರೆತ್ತಿದರು! 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಅಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಅವರಿಗೆ ಗೊತ್ತಿತ್ತು. ಅದೇ ಕಾವೇರಿ ಸೀಮೆಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತೆಂದು ಹೇಳಲು ನನಗೆ ನಾಚಿಕೆಯಾಯಿತು.

ಮೂರನೆಯ ದಿನ ಮಧ್ಯಾಹ್ನ ದಾರ ಬಿಗಿಯಿತು. ಹತ್ತು ಹನ್ನೆರಡು ಪೌಂಡಿನ ಮೀನು. ಗಿಲಿ ಅದನ್ನು ನೀರಿನಿಂದ ಮೇಲಕ್ಕೆತ್ತಲೇ ಇಲ್ಲ. ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬರುತ್ತದೆಂದು ಕೈ ಒದ್ದೆ ಮಾಡಿಕೊಂಡು, ಮುಳ್ಳಿಲ್ಲದ ಗಾಳವನ್ನು ಬಿಡಿಸಿ, ಮೀನಿನ ಮುಖವನ್ನು ಹರಿವಿಗೆದುರಾಗಿ ಹಿಡಿದು ನಿಂತರು. ಕಿವಿರುಗಳು ಆಡಿದವು. ಬಾಲ ಒಮ್ಮೆ ಬಡಿಯಿತು, ಕೈ ಬರಿದಾಯಿತು.

ಮಾರ್ಚ್ ಮುಗಿಯುವವರೆಗೆ ಸಿಕ್ಕ ಸಾಲ್ಮನ್ನನ್ನೆಲ್ಲ ಬಿಡಲೇಬೇಕೆಂದು ಅಲ್ಲಿ 2015ರಿಂದ ಕಾನೂನಿದೆ. ಉಳಿದ ತಿಂಗಳುಗಳಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮೀನುಗಳನ್ನು ಬಿಟ್ಟುಬಿಡುತ್ತಾರೆ. ಹೊಳೆಯ ನೀರು ಬೆಚ್ಚಗಾಗುತ್ತಿದೆ, ಅಡ್ಡಗಟ್ಟೆಗಳು ದಾರಿ ತಡೆಯುತ್ತಿವೆ, ಕಡಲಿಗೆ ಹೋದ ಮರಿಗಳಲ್ಲಿ ಹಿಂದಿರುಗುವವು ಕಡಿಮೆಯಾಗುತ್ತಿವೆ. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಬ್ರಿಟನ್ನಿನ ಸಾಲ್ಮನ್ ಸಂತತಿಯನ್ನು ಅಪಾಯಕ್ಕೊಳಗಾದುದೆಂದು ಘೋಷಿಸಿತು. ಬಿಟ್ಟ ಮಾತ್ರಕ್ಕೆ ಮೀನು ಉಳಿದೀತೆಂದು ಯಾರೂ ಹೇಳುವುದಿಲ್ಲ. ಕೊಂದರೆ ಮೊಟ್ಟೆಯಿಡುವುದಂತೂ ಇಲ್ಲ.

ಸಂಜೆ ದಡದ ಗುಡಿಸಲಿನಲ್ಲಿ ಗಿಲಿ ಬೀಟಿನ ದಾಖಲೆ ಪುಸ್ತಕ ತೆರೆದರು. ತಂದೆಯ ಕಾಲದ ಹಾಳೆಗಳಲ್ಲಿ ಒಂದೊಂದು ದಿನಕ್ಕೂ ಹಲವು ಸಾಲುಗಳು. ಈಚಿನ ಹಾಳೆಗಳಲ್ಲಿ ದಿನಾಂಕ, ನೀರಿನ ಮಟ್ಟ, ಮುಂದೆ ಸೊನ್ನೆ. ಮತ್ತೆ ದಿನಾಂಕ, ಸೊನ್ನೆ. ನನ್ನ ಮೀನಿನ ಮುಂದೆ ‘ಬಿಡಲಾಗಿದೆ’ ಎಂದು ಬರೆದರು. ಏನೂ ಸಿಗದ ದಿನವನ್ನೂ ಬರೆಯಬೇಕೆ ಎಂದು ಕೇಳಿದೆ.

“ಬರೆಯದಿದ್ದರೆ, ಎಷ್ಟು ಕಡಿಮೆಯಾಯಿತೆಂದು ಮುಂದಿನವರಿಗೆ ಹೇಗೆ ತಿಳಿಯುತ್ತದೆ?” ಎಂದು ಅವರು ಪುಸ್ತಕ ಮುಚ್ಚಿದರು.